ನೆಂಟರ ಪಾಲು

ಬಕ್ರೀದಿನ ದಿನ ಶ್ರೀನಿವಾಸಪುರದಲ್ಲಿ ಕಸಾಯಿ ಖಲಂದರನಿಗೆ ಸಿಗುವ ಮರ್ಯಾದೆ ಮದುವೆ ಗಂಡಿಗೂ ಸಿಗುವುದಿಲ್ಲ. ಈದ್ಗಾದಲ್ಲಿ ನಮಾಜು ಮುಗಿದು ಜನ ಇನ್ನೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿರುವಾಗಲೇ ಅವನ ಎರಡು ತೋಳನ್ನೂ ಇಬ್ಬರು ಹಿಡಿದುಕೊಂಡಿರುತ್ತಾರೆ. "ಮೊದಲು ನಮ್ಮನೆ" ಎಂದು ಒಬ್ಬ, "ವಾರದಿಂದ ಹೇಳ್ತಾ ಇದ್ದೀನಲ್ಲೋ" ಎಂದು ಇನ್ನೊಬ್ಬ. ಅವನು ಎಲ್ಲರಿಗೂ "ಇಗೋ ಬಂದೆ" ಎನ್ನುತ್ತಾನೆ. ಆ ಮಾತನ್ನು ನಂಬಿಕೊಂಡು ಎಷ್ಟೋ ಮನೆಯವರು ಹಸಿದ ಹೊಟ್ಟೆಯಲ್ಲಿ ಬಾಗಿಲಿಗೆ ನಿಂತಿರುತ್ತಾರೆ. ಕುರ್ಬಾನಿ ಕೊಡುವವರು ಬೆಳಿಗ್ಗೆಯಿಂದ ಏನೂ ತಿನ್ನುವುದಿಲ್ಲ ನೋಡಿ. ತಮ್ಮ ಮನೆಯ ಕುರ್ಬಾನಿಯ ಕಲೇಜಿಯನ್ನು, ಹೋಟೆಲಿನವರು ಲಿವರ್ ಎನ್ನುತ್ತಾರಲ್ಲ ಅದನ್ನು, ಹುರಿದು ಅದರಿಂದಲೇ ಆ ದಿನದ ಮೊದಲ ತುತ್ತು ತಿನ್ನುವುದು ರೂಢಿ.

ಮಾವಿನ ಮಂಡಿಯ ಹಿಂದಿನ ಗಲ್ಲಿಯ ಕೊನೆಯ ಮನೆಗೆ ಖಲಂದರ್ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಅಂಗಿಯ ತೋಳು ಮಡಚಿದ್ದ, ಕಣ್ಣು ಕೆಂಪಗಾಗಿತ್ತು, ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

"ಬೇಗ ಖಾಲಾ. ಕುರ್ಬಾನಿ ಯಾರ ಹೆಸರಲ್ಲಿ?"

ಖೈರುನ್ನಿಸಾ ಮುಂಜಾನೆಯಿಂದ ಈ ಪ್ರಶ್ನೆಗೇ ಸಿದ್ಧಳಾಗಿ ಕೂತಿದ್ದಳು.

"ಜುಲೇಖಾ. ಅಬ್ದುಲ್ ವಹಾಬರ ಮಗಳು ಜುಲೇಖಾ."

ಖಲಂದರ್ ತಲೆಯೆತ್ತಿ ನೋಡಿದ. ಹೋದ ವರ್ಷದವರೆಗೂ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವಳೇ ಆ ಜುಲೇಖಾ, ಖೈರುವಿನ ಅಕ್ಕ. "ಒಂದು ವರ್ಷ ನನ್ನ ಹೆಸರು, ಒಂದು ವರ್ಷ ಇವಳ ಹೆಸರು. ಇವಳ ಸರದಿ ಬಂದಾಗೆಲ್ಲ ಟಗರು ಒದೀತದೆ ನೋಡು, ಇವಳಂಗೇ" ಎಂದು ನಗಿಸುತ್ತಿದ್ದವಳು. ಚಳಿಗಾಲದಲ್ಲಿ ಒಂದು ಜ್ವರ ಬಂತು, ಆಸ್ಪತ್ರೆಗೆ ಹೋದಳು, ಬರಲಿಲ್ಲ.

"ಆಯ್ತು ಖಾಲಾ" ಎಂದ ಖಲಂದರ್ ಮೆಲ್ಲಗೆ. ಜೇಬಿನ ಫೋನನ್ನು ಅಷ್ಟು ಹೊತ್ತು ಬಾಯಿ ಮುಚ್ಚಿಸಿಟ್ಟ.

ಕೆಲಸ ಮುಗಿಯಿತು. ಚರ್ಮ ಮದರಸಾದವರ ಗಾಡಿಗೆ ಹೋಯಿತು. ಒಳಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವನಿಗೆ ಖೈರು, "ಒಂದು ಗಳಿಗೆ ಕೂತ್ಕೋ ಬೇಟಾ. ಕಲೇಜಿ ಹುರೀತೀನಿ, ಒಂದು ತುಂಡು ಬಾಯಿಗೆ ಹಾಕ್ಕೊಂಡು ಹೋಗು" ಎಂದಳು.

"ನಕ್ಕೋ, ಬೇಡ ಖಾಲಾ! ಹಾಜಿಸಾಬ್ರ ಮನೇಲಿ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ. ಇನ್ನು ತಡವಾದ್ರೆ ಕುರಿ ಬಿಟ್ಟು ನನ್ನನ್ನೇ ಕುಯ್ದುಬಿಡ್ತಾರೆ" ಎಂದು ಚೀಲ ಹೆಗಲಿಗೇರಿಸಿ ಓಡಿದ. ಓಡುವ ಅವಸರದಲ್ಲಿ ಚೂರಿ ಮಸೆಯುವ ಸಾಣೆಕಲ್ಲನ್ನು ನಲ್ಲಿಯ ಕಟ್ಟೆಯ ಮೇಲೇ ಮರೆತ.

ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡುವುದು ಕ್ರಮ. ಒಂದು ಇಲ್ಲದವರಿಗೆ, ಒಂದು ನೆಂಟರಿಷ್ಟರಿಗೆ, ಒಂದು ಮನೆಗೆ. ಇಲ್ಲದವರ ಪಾಲು ಬಾಗಿಲಲ್ಲೇ ಖಾಲಿಯಾಯಿತು. ಚೀಲ ಹಿಡಿದು ಬಂದವರು "ಅಲ್ಲಾ ಒಳ್ಳೇದು ಮಾಡಲಿ" ಎಂದು ಒಯ್ದರು. ಮನೆಯ ಪಾಲನ್ನು ಖೈರು ಪುಟ್ಟ ಫ್ರಿಜ್ಜಿನಲ್ಲಿಟ್ಟಳು. ನೆಂಟರ ಪಾಲು ಸ್ಟೀಲಿನ ಬೇಸಿನ್ನಿನಲ್ಲಿ ಉಳಿಯಿತು. ಅದಕ್ಕೆ ಅರಿಶಿನ ಸವರಿ ಒದ್ದೆ ಬಟ್ಟೆ ಮುಚ್ಚಿ, ಕಲೇಜಿ ಹುರಿಯಲು ಕೂತಳು.

ಈ ಅಕ್ಕತಂಗಿಯರ ಬಾಳು ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಅಕ್ಕ ಜುಲೇಖಾ ಮದುವೆಯಾಗಲೇ ಇಲ್ಲ. ಖೈರು ಮದುವೆಯಾಗಿ ಬೇಗನೆ ಗಂಡನನ್ನು ಕಳೆದುಕೊಂಡು ಅಕ್ಕನ ಹತ್ತಿರವೇ ವಾಪಸ್ಸು ಬಂದವಳು. ಇಬ್ಬರೂ ಸೇರಿ ಬ್ಲೌಸು, ಲಂಗ, ಸಲ್ವಾರು ಹೊಲಿಯುತ್ತಿದ್ದರು. ಕತ್ತರಿ ಆಪಾದು, ಅಂದರೆ ಅಕ್ಕನದು; ಮಿಷನ್ನು ಖೈರುವಿನದು. ಆಪಾ ಕತ್ತರಿಸಿ ಎಸೆದದ್ದನ್ನು ಖೈರು ಕಣ್ಣುಮುಚ್ಚಿ ಜೋಡಿಸುತ್ತಿದ್ದಳು. ಅಡುಗೆಮನೆಯಲ್ಲೂ ಹಾಗೇ. ಮಸಾಲೆ ರುಬ್ಬುವುದು, ಒಗ್ಗರಣೆ, ತಿರುವುವುದು ಎಲ್ಲ ಖೈರು. ಉಪ್ಪು ಮಾತ್ರ ಆಪಾ. "ನಿನ್ನ ಕೈಗೆ ಉಪ್ಪು ಬುದ್ಧಿ ಇಲ್ಲ" ಎಂದು ಖೈರು ಹುಡುಗಿಯಾಗಿದ್ದಾಗಲೇ ತೀರ್ಪು ಕೊಟ್ಟಾಗಿತ್ತು. ಬಕ್ರೀದಿನ ದಿನ ಕಲೇಜಿ ಬಾಣಲೆಯಿಂದ ಇಳಿದ ತಕ್ಷಣ ಆಪಾ ಒಂದು ತುಂಡು ಊದಿ ಊದಿ ಆರಿಸಿ ತಂಗಿಯ ಬಾಯಿಗಿಟ್ಟು, ಒಂದೇ ಮಾತು ಕೇಳುತ್ತಿದ್ದಳು: "ಉಪ್ಪು?" ಖೈರು ತಲೆಯಾಡಿಸಿದರೆ ಹಬ್ಬ ಶುರುವಾಯಿತು ಎಂದು ಅರ್ಥ.

ಈ ವರ್ಷವೂ ಕಲೇಜಿ ಇಳಿಯಿತು. ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿಯ ಘಮ ಮಂಡಿಯ ಮಾವಿನ ವಾಸನೆಯನ್ನೂ ಹಿಂದಕ್ಕೆ ತಳ್ಳಿತು. ಖೈರು ಒಂದು ತುಂಡು ಕೈಗೆ ತೆಗೆದುಕೊಂಡಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಯಿಯ ಹತ್ತಿರ ತಂದಳು. ಕೈ ಅಲ್ಲೇ ನಿಂತಿತು. ಎದುರಿಗೆ ಮಿಷನ್ನು, ಗೋಡೆಗೆ ನೇತುಹಾಕಿದ ಕತ್ತರಿ, ಬಾಗಿಲಾಚೆ ಬಿಸಿಲು. ಇಷ್ಟು ದಿನ ಒಬ್ಬಳೇ ಉಂಡಿದ್ದಾಳೆ, ಇಲ್ಲವೆಂದಲ್ಲ. ರಂಜಾನಿನ ಉಪವಾಸವನ್ನೂ ಸಂಜೆ ಒಬ್ಬಳೇ ಬಿಟ್ಟಿದ್ದಾಳೆ. ಆದರೆ ಇದೊಂದು ತುತ್ತು ಒಬ್ಬಳೇ ತಿಂದರೆ ಆಪಾ ಸತ್ತಿದ್ದನ್ನು ತಾನೇ ಮೊಹರು ಒತ್ತಿ ಒಪ್ಪಿಕೊಂಡ ಹಾಗಾಗುತ್ತದೆ ಎನ್ನಿಸಿತು.

ತುಂಡನ್ನು ಬಾಣಲೆಗೆ ವಾಪಸ್ಸು ಹಾಕಿದಳು. "ನೆಂಟರು ಇಲ್ಲವಾ ನನಗೆ? ಕೋಲಾರದಲ್ಲಿ ತಮ್ಮನ ಮಗ ಇದ್ದಾನೆ, ಮುಳಬಾಗಿಲಲ್ಲಿ ಹಮೀದಾ ಇದ್ದಾಳೆ. ಯಾರ ಜೊತೆಗಾದರೂ ಕೂತು ತಿಂತೀನಿ" ಎಂದು ಗೋಡೆಯ ಕತ್ತರಿಗೆ ಹೇಳಿ, ಟಿಫನ್ ಕ್ಯಾರಿಯರ್ ಇಳಿಸಿದಳು. ಕೆಳಗಿನ ಡಬ್ಬಿಗಳಲ್ಲಿ ನೆಂಟರ ಪಾಲು, ಮೇಲಿನ ಪುಟ್ಟ ಡಬ್ಬಿಯಲ್ಲಿ ಕಲೇಜಿ. ಐಸ್ ಅಂಗಡಿಯಿಂದ ಐಸು ತಂದು ಚೀಲದಲ್ಲಿ ಸುತ್ತಲೂ ತುರುಕಿ, ಬುರ್ಖಾ ಹಾಕಿಕೊಂಡು ಬೀಗ ಹಾಕಿದಳು. ಫೋನು ಮಾಡಲಿಲ್ಲ. ಹಬ್ಬದ ದಿನ ಫೋನು ಮಾಡಿ ಮನೆಗೆ ಬರುವವರು ಇನ್ಶೂರೆನ್ಸ್ ಮಾರುವವರು ಮಾತ್ರ ಎಂಬುದು ಆಪಾಳ ಮಾತಾಗಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಆಪಾ, "ಒಂದು ದಿನ ಕೋಲಾರ, ಮುಳಬಾಗಿಲು, ಮಾಲೂರು ಎಲ್ಲ ಒಂದು ಸುತ್ತು ಹಾಕ್ಕೊಂಡು ಬರೋಣ ಕಣೇ, ಸುಮ್ನೆ, ಕಿಟಕಿ ಪಕ್ಕ ಕೂತ್ಕೊಂಡು" ಎಂದಿದ್ದಳು. ಹೊಲಿಗೆ ಮುಗಿಯಲಿ, ಮದುವೆ ಸೀಸನ್ ಮುಗಿಯಲಿ ಅನ್ನುತ್ತ ಹಾಗೇ ಉಳಿಯಿತು. ಈಗ ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತಾನಾಗಿಯೇ ಸಿಕ್ಕಿತು. ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಯಾರಾದರೂ ಏನಾದರೂ ಅಂದಾರು ಎಂದು ಬುರ್ಖಾದ ಅಂಚನ್ನು ಅದರ ಮೇಲೆ ಎಳೆದುಕೊಂಡಳು. ಯಾರೂ ಏನೂ ಅನ್ನಲಿಲ್ಲ. ಕಂಡಕ್ಟರಮ್ಮ ಮೂಗರಳಿಸಿ, "ಏನಮ್ಮಾ, ಬಸ್ಸೆಲ್ಲ ಘಂ ಅಂತಿದೆ. ಇವತ್ತು ಶನಿವಾರ, ನನ್ನ ವ್ರತ ಕೆಡಿಸ್ತೀರಲ್ಲ" ಎಂದು ನಕ್ಕು ಮುಂದೆ ಹೋದಳು.

ಹೋಳೂರಿನಲ್ಲಿ ಕದಿರಪ್ಪ ಹತ್ತಿದ. ಈ ಸಲದ ಟಗರನ್ನು ಮಾರಿದವನೇ ಅವನು. ಈ ಸಲವಷ್ಟೇ ಏನು, ಇವರ ಮನೆಗೆ ಟಗರು ಬರುತ್ತಿದ್ದುದೇ ಅವನ ದೊಡ್ಡಿಯಿಂದ. ಖೈರುವನ್ನು ಕಂಡು ಎದುರು ಸೀಟಿನಲ್ಲಿ ಕೂತ.

"ಏನ್ ಬೂಬಮ್ಮಾ, ಹಬ್ಬದ ದಿನ ಒಬ್ಬರೇ ಹೊಂಟಿದ್ದೀರಾ?"

"ಹೌದು ಕದಿರಪ್ಪ, ನೆಂಟರ ಮನೆಗೆ."

ಅವನು ಚೀಲ ನೋಡಿದ. ಕಿಟಕಿಯಾಚೆ ನೋಡಿದ. ಮತ್ತೆ ಚೀಲ ನೋಡಿದ. "ಆಯ್ತಾ?" ಎಂದ ಕೊನೆಗೆ.

"ಆಯ್ತು."

"ತುಂಟ ನನ್ಮಗ ಅದು. ಕಟ್ಟಿದ ಹಗ್ಗಾನೇ ತಿಂದಾಕ್ಬಿಡೋದು. ನಿಮ್ಮನೆಗೆ ಹೊಡ್ಕೊಂಡು ಬಂದಾಗಿಂದ ನಮ್ಮನೆಯೋಳು ವೆಂಕಟರತ್ನಮ್ಮ ನನ್ ಹತ್ರ ಮಾತಾಡಿಲ್ಲ, ನೋಡಿ. ತಟ್ಟೆ ಇಡ್ತಾಳೆ, ಕುಕ್ಕಿ ಇಡ್ತಾಳೆ." ಸೀಟಿನಿಂದ ಮುಂದಕ್ಕೆ ಬಾಗಿ ಮಾತು ಮುಂದುವರಿಸಿದ: "ಅಕ್ಕಯ್ಯ ಇದ್ದಿದ್ರೆ ಈ ಸಲ ಅದನ್ನ ಕೊಳ್ತಾನೇ ಇರ್ಲಿಲ್ಲ. ಕಿವಿ ನೋಡೋರು, ಹಲ್ಲು ನೋಡೋರು, ಕೊಂಬು ಅಲ್ಲಾಡಿಸೋರು, ಆಮೇಲೆ ನಂಗೇ ಬೈಯೋರು. ನೀವು ಬಂದ್ರಿ, ನಿಂತ್ರಿ, ನಾನು ಹೇಳಿದ್ದಕ್ಕೆ ಹೂಂ ಅಂದ್ರಿ. ನಂಗೇ ಬೇಜಾರಾಗೋಯ್ತು. ಯಾಪಾರ ಅಂದ್ರೆ ಸ್ವಲ್ಪ ಜಗಳ ಬೇಡ್ವಾ?"

ಖೈರುವಿಗೆ ನಗು ಬಂತು. ಬೆಳಿಗ್ಗೆಯಿಂದ ಮೊದಲ ನಗು. ಅದೇ ಧೈರ್ಯದಲ್ಲಿ ಮೇಲಿನ ಡಬ್ಬಿಗೆ ಕೈ ಹಾಕಿದಳು. "ಕದಿರಪ್ಪ, ನಾನೂ ಇನ್ನೂ ಬಾಯಿಗೆ ಏನೂ ಹಾಕ್ಕೊಂಡಿಲ್ಲ. ಒಂದು ತುಂಡು ತಗೋ. ನಾನೂ ಒಂದು ತಗೋತೀನಿ."

ಕದಿರಪ್ಪ ಎರಡೂ ಕೈ ಮೇಲಕ್ಕೆತ್ತಿಬಿಟ್ಟ. "ಬ್ಯಾಡಮ್ಮೋ! ತಪ್ಪು ತಿಳ್ಕೋಬೇಡಿ. ಪಕ್ಕದ ಮನೆ ಕುರಿ ಆಗಿದ್ರೆ ಶನಿವಾರ ಅಂತಾನೂ ನೋಡ್ತಿರ್ಲಿಲ್ಲ, ಇಲ್ಲೇ ಡಬ್ಬಿ ಖಾಲಿ ಮಾಡ್ತಿದ್ದೆ. ಇದು ನನ್ ಕೈಯಿಂದ ಹಿಪ್ಪುನೇರಳೆ ಸೊಪ್ಪು ತಿಂದಿದ್ದು. ಹೆಂಗ್ ತಿನ್ಲಿ?"

ಡಬ್ಬಿಯ ಮುಚ್ಚಳ ಹಾಗೇ ಮುಚ್ಚಿಕೊಂಡಿತು. ಕೋಲಾರದಲ್ಲಿ ಇಳಿಯುವಾಗ ಅವನು ಚೀಲವನ್ನು ಇಳಿಸಿಕೊಟ್ಟು, ಅದನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತು, ಆಮೇಲೆ ಕೊಟ್ಟ.

ತಮ್ಮನ ಮಗ ಇಮ್ತಿಯಾಜನ ಮನೆ ಕ್ಲಾಕ್ ಟವರಿನ ಹಿಂದಿನ ಬೀದಿಯಲ್ಲಿ. ತಮ್ಮ ತೀರಿಕೊಂಡ ಮೇಲೆ ಖೈರುವಿನ ರಕ್ತಸಂಬಂಧ ಅಂತ ಉಳಿದಿರುವುದು ಅವನೊಬ್ಬನೇ. ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಚೀಲಗಳು, ಡಬ್ಬಿಗಳು, ಮಕ್ಕಳ ಹೊಸ ಚಪ್ಪಲಿಗಳು. ಮನೆಯ ಮಾತು ದಖನಿ ಉರ್ದುವೇ, ಆದರೆ ಅದರೊಳಕ್ಕೆ ಕನ್ನಡವೂ ತೆಲುಗೂ ಚಪ್ಪಲಿ ಬಿಡದೆ ನುಗ್ಗಿಬಿಡುತ್ತವೆ.

"ಅರೆ, ಫುಪ್ಪು! ಈದ್ ಮುಬಾರಕ್!" ಎಂದು ಇಮ್ತಿಯಾಜ್ ಓಡಿ ಬಂದು ಸೋದರತ್ತೆಯನ್ನು ತಬ್ಬಿಕೊಂಡ. ಅತ್ತರಿನ ವಾಸನೆ. ಖೈರು ಅವನ ಬೆನ್ನು ಬಿಡಲಿಲ್ಲ. ಅವನೇ ಮೆಲ್ಲಗೆ ಬಿಡಿಸಿಕೊಂಡ. "ಒಬ್ಬರೇ ಬಂದ್ರಾ? ಒಂದು ಫೋನ್ ಮಾಡಬಾರದಾ?"

ಅವನ ಹೆಂಡತಿ ಶಬಾನಾ ಒಳಗಿನಿಂದ ಬಂದವಳೇ, "ಬನ್ನಿ ಫುಪ್ಪು, ಬನ್ನಿ. ಮೊದಲು ಬಿರಿಯಾನಿ ತಿನ್ನಿ, ನಾವೆಲ್ಲ ಈಗಷ್ಟೇ ಉಂಡು ಎದ್ವಿ" ಎಂದು ತಟ್ಟೆ ತಂದಿಟ್ಟಳು. ತಟ್ಟೆ ಒಂದೇ. ಕೂರಲು ಯಾರೂ ಇಲ್ಲ. ಎಲ್ಲರೂ ನಿಂತಿದ್ದರು, ಹೊರಡುವವರ ಹಾಗೆ.

"ಬಿರಿಯಾನಿ ಆಮೇಲೆ. ನಾನಿನ್ನೂ ಏನೂ ತಿಂದಿಲ್ಲ. ಮನೆ ಕಲೇಜಿ ತಂದಿದ್ದೀನಿ" ಎಂದು ಖೈರು ಡಬ್ಬಿ ತೆಗೆದಳು. "ಎಲ್ಲರೂ ಒಂದೊಂದು ತುಂಡು ತಗೊಳ್ಳಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ದೊಡ್ಡ ಫುಪ್ಪು ಹೆಸರಲ್ಲಿ ಕೊಟ್ಟ ಕುರ್ಬಾನಿ."

ಇಮ್ತಿಯಾಜ್ ಹೆಂಡತಿಯ ಮುಖ ನೋಡಿದ. "ದೊಡ್ಡ ಫುಪ್ಪು ಹೆಸರಲ್ಲಾ? ಹಾಗಾದರೆ... ಫುಪ್ಪು, ತೀರಿಕೊಂಡವರ ಹೆಸರಿನ ಕುರ್ಬಾನಿ ಮನೆಯವರು ತಿನ್ನಬಾರದು ಅಂತಾರಲ್ಲ? ಪೂರ್ತಿ ಬಡವರಿಗೇ ಕೊಟ್ಟುಬಿಡಬೇಕು ಅಂತ."

"ಯಾರು ಅಂದಿದ್ದು? ನಾನು ಮಸೀದಿಯ ಹಜರತರನ್ನ ಕೇಳಿಯೇ ಕೊಟ್ಟಿದ್ದು. ಅವಳೇನಾದರೂ 'ನನ್ನ ಹೆಸರಲ್ಲಿ ಕೊಡಿ' ಅಂತ ಹೇಳಿ ಸತ್ತಿದ್ದರೆ ಆ ಮಾತು ಬೇರೆ. ನಾನಾಗಿ ನಾನೇ ಕೊಟ್ಟಿದ್ದು. ತಿನ್ನಿ, ತಿನ್ನಿಸಿ ಅಂದರು."

"ಇರಬಹುದು ಫುಪ್ಪು. ನಮ್ಮ ಮಾವ ಮಾತ್ರ ಯಾವಾಗಲೂ ಹಾಗೇ ಹೇಳೋದು. ಯಾಕೆ ಬೇಕು ಸಂಶಯ..."

"ಮಕ್ಕಳಿಗೆ ಕಲೇಜಿ ಸೇರಲ್ಲ ಫುಪ್ಪು. ಕಹಿ ಅಂತಾರೆ" ಎಂದು ಶಬಾನಾ ಸೇರಿಸಿದಳು, ಒಳ್ಳೆಯ ದನಿಯಲ್ಲೇ. "ನಮ್ಮ ಫ್ರಿಜ್ ನೋಡಿದ್ರಾ? ಬಾಗಿಲು ಹಾಕ್ಕೊಳ್ತಾನೇ ಇಲ್ಲ, ಕುರ್ಚಿ ಒತ್ತಿಟ್ಟಿದ್ದೀನಿ."

ನಿಜಕ್ಕೂ ಕುರ್ಚಿ ಒತ್ತಿಟ್ಟಿತ್ತು. ಶಬಾನಾ ಅದನ್ನು ಸರಿಸಿ ಒಂದು ಕವರು ಎಳೆದು ತೆಗೆದಳು. "ಇಗೋ, ನಿಮ್ಮ ಪಾಲು ಎತ್ತಿಟ್ಟಿದ್ದೆ. ನಾಳೆ ಇವರ ಕೈಲಿ ಕಳಿಸೋದು ಅಂತಿದ್ದೆ. ನೀವೇ ಬಂದಿದ್ದು ಒಳ್ಳೇದಾಯ್ತು."

ಕವರು ಖೈರುವಿನ ಚೀಲಕ್ಕೆ ಇಳಿಯಿತು. ಕೊಡಲು ಬಂದವಳ ಚೀಲ ಭಾರವಾಯಿತು. ಅವರ ಲೆಕ್ಕದಲ್ಲಿ ಖೈರುವಿನ ಕೆಲಸ ಮುಗಿದುಹೋಗಿದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ತಪ್ಪು ಹೇಳುವ ಹಾಗಿಲ್ಲ. ಮರೆತಿರಲಿಲ್ಲ, ಎತ್ತಿಟ್ಟಿದ್ದರು, ಐಸಿನ ಹಾಗೆ ತಣ್ಣಗೆ, ಗಂಟು ಕಟ್ಟಿ.

"ನಾವು ಮಾಲೂರಿಗೆ ಹೊರಟಿದ್ವಿ ಫುಪ್ಪು, ಶಬಾನಾ ಅಮ್ಮನ ಮನೆಗೆ. ನೀವೂ ಬನ್ನಿ" ಎಂದ ಇಮ್ತಿಯಾಜ್. ಅಂದವನು ಹೊರಗೆ ನಿಂತಿದ್ದ ಕಾರಿನ ಕಡೆ ನೋಡಿದ. ಹಿಂದಿನ ಸೀಟಿನಲ್ಲಿ ಡಬ್ಬಿಗಳು ಆಗಲೇ ಕೂತಿದ್ದವು.

"ನಕ್ಕೋ ಬೇಟಾ. ನಾನು ಮುಳಬಾಗಿಲಿಗೆ ಹೋಗಬೇಕು. ಹಮೀದಾ ಕಾಯ್ತಿರ್ತಾಳೆ" ಎಂದಳು ಖೈರು. ಹಮೀದಾ ಕಾಯುತ್ತಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಆದರೂ ಅಂದ ಮೇಲೆ ಅದೇ ನಿಜ ಎನ್ನಿಸಿ ಹೆಜ್ಜೆಗೆ ಸ್ವಲ್ಪ ಬಲ ಬಂತು.

ಹಮೀದಾ ದೂರದ ನೆಂಟಳು, ಹತ್ತಿರದ ಗೆಳತಿ. ಚಿಕ್ಕಂದಿನಲ್ಲಿ ಮೂವರೂ ಒಂದೇ ಕಡೆ ಹೊಲಿಗೆ ಕಲಿತವರು. ಮಾತಿಗೆ ಕೂತರೆ ಎದುರಿನವರ ಚಹಾ ಆರಿಹೋಗುವಂಥ ಬಾಯಿ ಅವಳದು. ಅವಳಾದರೆ "ಯಾರ ಹೆಸರು, ಏನು" ಎಂದು ಕೇಳುವುದಿಲ್ಲ. ಬಾಣಲೆಗೇ ಕೈ ಹಾಕುತ್ತಾಳೆ. ಮುಳಬಾಗಿಲಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವಾಗ ಖೈರು ಅವಳು ಬಾಗಿಲು ತೆರೆಯುವುದನ್ನೇ ಮತ್ತೆ ಮತ್ತೆ ಕಲ್ಪಿಸಿಕೊಂಡಳು.

ಬಾಗಿಲಿಗೆ ಬೀಗ ಇತ್ತು.

ಖೈರು ಬೀಗವನ್ನು ಒಂದು ಸಲ ಎಳೆದು ನೋಡಿದಳು. ಎಳೆದರೆ ಬರುವಂಥದ್ದಲ್ಲ ಎಂದು ಕಾಣುತ್ತಲೇ ಇತ್ತು. ಆದರೂ ಎಳೆದಳು. ಮೆಟ್ಟಿಲ ಮೇಲೆ ಕೂತಳು. ಚೀಲದ ಐಸು ಕರಗಿ ತಳದಿಂದ ತೊಟ್ಟಿಕ್ಕುತ್ತಿತ್ತು.

ಪಕ್ಕದ ಮನೆಯಿಂದ ಒಬ್ಬಳು ಹೆಂಗಸು ಇಣುಕಿದಳು. "ಶ್ರೀನಿವಾಸಪುರದೋರಾ? ಹಮೀದಕ್ಕ ಮಾಲೂರಿಗೆ ಹೋದ್ರು, ಮಗಳ ಮನೆಗೆ. ನಾಳೆ ಬರ್ತಾರೆ. ನಾನು ಅನಿತ. ಬನ್ನಿ ಅಕ್ಕಾ, ಬಿಸಿಲಲ್ಲಿ ಯಾಕೆ ಕೂತಿದ್ದೀರಾ? ಕಾಫಿ ಕುಡೀರಿ."

"ನೀರು ಸಾಕಮ್ಮ."

ಅನಿತ ನೀರು ತಂದುಕೊಟ್ಟು, ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದಳು. "ಒಂದು ನಿಮಿಷ ಇರಿ. ನಿಮಗೆ ಅಂತ ಒಂದು ಕವರು ಕೊಟ್ಟು ಹೋಗಿದ್ದಾರೆ. ಶ್ರೀನಿವಾಸಪುರದ ಕಡೆಯಿಂದ ಯಾರಾದ್ರೂ ಬಂದ್ರೆ ಕೊಡು, ಅಕ್ಕತಂಗಿಯರದು ಅಂತ. ನಮ್ಮತ್ತೆಗೆ ಶನಿವಾರ. ಫ್ರಿಜ್ಜಲ್ಲಿ ಇದಿದೆ ಅಂತ ಗೊತ್ತಾದ್ರೆ ಮನೆ ಎಲ್ಲಾ ತೊಳಿಸ್ತಾರೆ. ಸೊಪ್ಪಿನ ಹಿಂದೆ ಬಚ್ಚಿಟ್ಟಿದ್ದೀನಿ. ನೀವು ಬಂದ್ರಲ್ಲ, ಬದುಕಿದೆ!"

ಅಕ್ಕತಂಗಿಯರದು. ಚಳಿಗಾಲದಲ್ಲಿ ಬಂದು, ಆಪಾಳ ತಲೆಯ ಹತ್ತಿರ ಕೂತು ಎದೆ ಬಡಿದುಕೊಂಡು ಅತ್ತವಳೇ ಹಮೀದಾ. ಅವಳ ಕೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಕವರು ಇಬ್ಬರಿಗಾಗುವಷ್ಟು ದಪ್ಪಗಿತ್ತು.

"ನೀನು ತಿಂತೀಯೇನಮ್ಮ? ಕಲೇಜಿ ಇದೆ" ಎಂದಳು ಖೈರು. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಬೇರೆ ದಿನ ಆಗಿದ್ರೆ ಬಿಡ್ತಿದ್ನಾ ಅಕ್ಕಾ? ಇವತ್ತು ಮನೇಲಿ ಅತ್ತೆ ಇದ್ದಾರೆ" ಎಂದು ಅನಿತ ನಿಜವಾಗಿಯೂ ಬೇಜಾರಾಗಿಯೇ ಹೇಳಿದಳು.

ಶ್ರೀನಿವಾಸಪುರಕ್ಕೆ ವಾಪಸ್ಸು ಬರುವ ಬಸ್ಸಿನಲ್ಲಿ ಖೈರುವಿಗೆ ಮತ್ತೆ ಕಿಟಕಿ ಪಕ್ಕವೇ ಸಿಕ್ಕಿತು. ರಸ್ತೆಯ ಎರಡು ಕಡೆಯೂ ಮಾವಿನ ತೋಪು. ಮರದ ಕೆಳಗೆ ತೋತಾಪುರಿಯ ರಾಶಿ, ರಾಶಿಯ ಪಕ್ಕ ಕೂತು ಬುತ್ತಿ ಬಿಚ್ಚಿದ ಕೂಲಿಯವರು, ಅವರ ಪಕ್ಕ ನಾಯಿ. ನಾಯಿಗೂ ಜೊತೆಯಿದೆ ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಗಿ ಕಣ್ಣು ಮುಚ್ಚಿದಳು. ಹಸಿವು ಹೋಗಿಬಿಟ್ಟಿತ್ತು. ತಲೆ ಮಾತ್ರ ತಿರುಗುತ್ತಿತ್ತು. ಕೊಡಲು ಒಯ್ದದ್ದು ಕೊಟ್ಟಿಲ್ಲ, ಅದರ ಮೇಲೆ ಎರಡು ಮನೆಯ ಪಾಲು ಹೊತ್ತುಕೊಂಡು ಬರುತ್ತಿದ್ದಾಳೆ. ಆಪಾ ಇದ್ದಿದ್ದರೆ ಇದನ್ನೇ ಒಂದು ವರ್ಷ ಹೇಳಿಕೊಂಡು ನಗುತ್ತಿದ್ದಳು. ಈ ಕಥೆಯನ್ನು ಕೇಕೆ ಹಾಕಿ ನಗುತ್ತ ಕೇಳಬೇಕಾದವಳಿಗೆ ಹೇಳುವ ಹಾಗಿಲ್ಲವಲ್ಲ ಎನ್ನುವುದು ಇಡೀ ದಿನದಲ್ಲಿ ಅವಳಿಗೆ ಹೆಚ್ಚು ಚುಚ್ಚಿದ್ದು. ಮನೆಗೆ ಹೋಗಿ ಒಬ್ಬಳೇ ತಿನ್ನುವುದು, ಅಷ್ಟೇ. ಇನ್ನೇನಿದೆ.

ಗಲ್ಲಿಯ ತಿರುವಿಗೆ ಬಂದಾಗ ಸಂಜೆಯ ಮಗ್ರಿಬ್ ಅಜಾನಿಗೆ ಇನ್ನೂ ಹೊತ್ತಿತ್ತು. ತನ್ನ ಮನೆಯ ಜಗಲಿಯ ಮೇಲೆ ಯಾರೋ ಗೋಡೆಗೊರಗಿ ಕೂತಿರುವುದು ಕಾಣಿಸಿತು. ಖಲಂದರ್. ಅಂಗಿಯೆಲ್ಲ ಕಲೆ, ಕಾಲು ಚಾಚಿದ್ದ.

"ಎಲ್ಲಿಗೆ ಹೋಗಿದ್ರಿ ಖಾಲಾ? ನನ್ನ ಸಾಣೆಕಲ್ಲು ಒಳಗಿದೆ. ನಾಳೆ ಬೆಳಿಗ್ಗೆಗೆ ಬೇಕು. ಅದಿಲ್ಲದೆ ಹಾಜಿಸಾಬ್ರ ಮನೇಲಿ ಅವರ ಅಡುಗೆ ಮನೆ ಚೂರೀನೇ ತಗೊಂಡು ಒದ್ದಾಡಿದೆ."

"ಊಟ ಮಾಡಿದ್ಯಾ?"

"ಯಾರು ಹಾಕ್ತಾರೆ?" ಎಂದ ಅವನು. ದೂರಲಿಲ್ಲ, ಇದ್ದದ್ದನ್ನು ಹೇಳಿದ. "ಎಲ್ಲರ ಮನೇಲೂ 'ಆಯ್ತಾ, ಆಯ್ತಾ' ಅಂತಾರೆ. ಆದ ತಕ್ಷಣ ಕೂಲಿ ಕೊಟ್ಟು ಬಾಗಿಲು ಹಾಕ್ಕೋತಾರೆ. ಕೂತು ತಿನ್ನು ಅಂದಿದ್ದು ನೀವೊಬ್ಬರೇ. ಆಗ ನನಗೇ ಹೊತ್ತಿರಲಿಲ್ಲ."

ಖೈರು ಚೀಲದೊಳಗಿಂದ ಬೀಗದ ಕೈ ಹುಡುಕಿ ತೆಗೆದಳು. "ಈಗ ಹೊತ್ತಿದೆಯಲ್ಲ? ಇರು, ಕಲೇಜಿ ಬಿಸಿ ಮಾಡ್ತೀನಿ. ನಾನೂ ತಿಂದಿಲ್ಲ. ಜೊತೆಗೇ ತಿನ್ನೋಣ."

ಖಲಂದರ್ ಮೂಗಿನ ಹತ್ತಿರ ಕೈ ತಂದು, ಆ ಕೈಯನ್ನೇ ದೂರ ಹಿಡಿದು ನೋಡಿದ. "ಕಲೇಜಿ ನಕ್ಕೋ ಖಾಲಾ, ನಿಮ್ಮ ಕಾಲು ಹಿಡೀತೀನಿ. ಬೆಳಿಗ್ಗೆಯಿಂದ ಇದೇ ವಾಸನೇಲಿ ಮುಳುಗಿದ್ದೀನಿ. ಕುರ್ಬಾನಿ ಮೂರು ದಿನ ಮುಗಿಯೋವರೆಗೂ ಮಾಂಸ ಕಂಡ್ರೆ ಹೊಟ್ಟೆ ತೊಳಸ್ತದೆ. ಕಸಾಯಿ ಮನೇಲಿ ಬಕ್ರೀದ್ ನಾಲ್ಕನೇ ದಿನ. ನಮ್ಮ ಮನೆಯವಳಾದ್ರೆ ಇಷ್ಟು ಹೊತ್ತಿಗೆ ಮೊಸರನ್ನ ಕಲಸಿ ಇಡ್ತಿದ್ಳು. ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಿದ್ದಾಳೆ."

ಖೈರು ಒಂದು ಕ್ಷಣ ಚೀಲ ಹಿಡಿದುಕೊಂಡೇ ನಿಂತಳು. ಇಡೀ ಜಿಲ್ಲೆ ಸುತ್ತಿ ಬಂದರೂ ಒಂದು ತುಂಡು ತಿನ್ನುವ ಬಾಯಿ ಇಲ್ಲ. ಕೊನೆಗೆ ಸಿಕ್ಕಿದವನು ಕಸಾಯಿ, ಅವನಿಗೆ ಮೊಸರನ್ನ ಬೇಕು! ಹೊಟ್ಟೆಯೊಳಗಿಂದ ಏನೋ ಉಕ್ಕಿ ಬಂತು. ಅಳು ಎಂದುಕೊಂಡಳು, ನೋಡಿದರೆ ನಗು. ನಗುತ್ತಲೇ ಬಾಗಿಲು ತೆಗೆದಳು.

"ಮೊಸರಿದೆ. ಅನ್ನಕ್ಕೆ ಇಡ್ತೀನಿ. ಅಷ್ಟರಲ್ಲಿ ಇದನ್ನ ತಿನ್ನುತ್ತಿರು" ಎಂದು ಬುಟ್ಟಿಯಿಂದ ಒಂದು ಬಾದಾಮಿ ಮಾವು ಕೊಟ್ಟು, ಕೈ ತೊಳೆಯಲು ಸೋಪು ಕೊಟ್ಟು, ಒಳಗೆ ಹೋದಳು.

ಚೀಲದ ಮಾಂಸವನ್ನೆಲ್ಲ ಫ್ರಿಜ್ಜಿಗೆ ತುರುಕಿದಳು. ತನ್ನ ಫ್ರಿಜ್ಜಿಗೂ ಕುರ್ಚಿ ಒತ್ತಿಡಬೇಕಾಯಿತು. ಅನ್ನಕ್ಕಿಟ್ಟು ಕಲೇಜಿ ಬಿಸಿ ಮಾಡಿದಳು. ಮೊಸರನ್ನ ಕಲಸಿ ಒಂದು ತಟ್ಟೆ, ಕಲೇಜಿಯದು ಇನ್ನೊಂದು ತಟ್ಟೆ, ಎರಡನ್ನೂ ಹಿಡಿದು ಜಗಲಿಗೆ ಬಂದಳು.

ಖಲಂದರ್ ನಿದ್ದೆ ಹೋಗಿದ್ದ. ಗೋಡೆಗೆ ತಲೆ, ತೊಡೆಯ ಮೇಲೆ ಕೈ, ಕೈಯಲ್ಲಿ ಅರ್ಧ ಚೀಪಿದ ಮಾವು. ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಗಲ್ಲದ ಮೇಲೆ ಮಾವಿನ ರಸ ಒಣಗುತ್ತಿತ್ತು.

ಎಬ್ಬಿಸಲು ಬಾಯಿ ತೆರೆದವಳು ಎಬ್ಬಿಸಲಿಲ್ಲ. ನಸುಕಿನಿಂದ ದುಡಿದ ಮೈ. ತಟ್ಟೆಯನ್ನು ಅವನ ಪಕ್ಕ ಇಟ್ಟು, ಮಾವನ್ನು ಬೆರಳಿನಿಂದ ಬಿಡಿಸಿ ತಟ್ಟೆಯಂಚಿಗಿಟ್ಟು, ನೊಣ ಬಾರದಂತೆ ಸೆರಗಿನಿಂದ ಒಂದೆರಡು ಸಲ ಬೀಸಿದಳು. ತಾನೂ ಜಗಲಿಯ ಇನ್ನೊಂದು ತುದಿಯಲ್ಲಿ ಕಾಲು ಮಡಚಿ ಕೂತಳು. ಮಂಡಿಯ ಕಡೆಯಿಂದ ಲಾರಿಗೆ ಕ್ರೇಟು ಏರಿಸುವ ಸದ್ದು ಬರುತ್ತಿತ್ತು. ಪಕ್ಕದಲ್ಲಿ ಗೊರಕೆ ಒಂದೇ ಸಮನೆ ಹೋಗುತ್ತ ಬರುತ್ತ ಇತ್ತು. ಆಪಾಳೂ ಹೀಗೇ ಗೊರಕೆ ಹೊಡೆಯುತ್ತಿದ್ದಳು, ಅಂದರೆ ಒಪ್ಪುತ್ತಿರಲಿಲ್ಲ.

ಒಂದು ತುಂಡು ತೆಗೆದು ಊದಿದಳು. ಮತ್ತೆ ಊದಿದಳು. ಬಿಸ್ಮಿಲ್ಲಾ ಎಂದು ಬಾಯಿಗಿಟ್ಟುಕೊಂಡಳು.

ಅಗಿದಳು. ನಿಲ್ಲಿಸಿದಳು.

ಉಪ್ಪೇ ಇರಲಿಲ್ಲ. ಒಂದು ಹರಳೂ ಇರಲಿಲ್ಲ. ಈ ಉಪ್ಪಿಲ್ಲದ ಕಲೇಜಿಯನ್ನು ಹೊತ್ತುಕೊಂಡು ಬೆಳಗಿನಿಂದ ಊರೂರು ತಿರುಗಿ, ಕಂಡವರನ್ನೆಲ್ಲ ತಿನ್ನಿ ತಿನ್ನಿ ಎಂದು ಗೋಗರೆದಿದ್ದಳು!

"ಉಪ್ಪಿಲ್ಲ" ಎಂದಳು ಗಟ್ಟಿಯಾಗಿ. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಬಾಯಿಯಲ್ಲಿ ತುತ್ತು, ಕಣ್ಣಲ್ಲಿ ನೀರು. "ಉಪ್ಪೇ ಹಾಕಿಲ್ಲ."

ಗೊರಕೆ ನಿಂತಿತು. ಖಲಂದರ್ ಕಣ್ಣು ತೆರೆಯಲಿಲ್ಲ, ತಲೆಯನ್ನು ಗೋಡೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿದ.

"ಹಾಕ್ಕೋ ಮತ್ತೆ" ಎಂದ ನಿದ್ದೆಯಲ್ಲೇ, ಮನೆಯವರಿಗೆ ಹೇಳುವ ಹಾಗೆ. ಗೊರಕೆ ಮತ್ತೆ ಶುರುವಾಯಿತು.

ಖೈರು ತುತ್ತು ನುಂಗಿದಳು. ಎದ್ದು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದಳು. ಮೊಸರನ್ನಕ್ಕೂ ಹಾಕಿರಲಿಲ್ಲವೆಂದು ಆಗ ನೆನಪಾಯಿತು. ಎರಡು ಬೆರಳಿನಲ್ಲಿ ಚಿಟಿಕೆ ಹಿಡಿದು, ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದೆ, ಮೊದಲು ಅವನ ತಟ್ಟೆಗೆ ಉದುರಿಸಿದಳು, ಆಮೇಲೆ ತನ್ನ ತಟ್ಟೆಗೆ.